ಮುಂಬೈಯಾಗ ಬಿಟ್ಟ ಗಂಟು

ಕಳ್ಳರ ಊರು ಅಂತ ಯಾರು ಹೇಳಿದ್ರು ನಿಮಗ? ಸಣ್ಣಜ್ಜಿ ಹೇಳಿರ್ತಾಳ, ಮತ್ಯಾರು ಹೇಳ್ತಾರ. ಆಕಿ ಆನೆಗೊಂದ್ಯಾಗ ಕುಂತು ಮುಂಬೈಗೆ ಬೈಯೂದು ಇಲ್ಲಿ ಇರಕಲ್ಲಗಡದ ತನಕ ಕೇಳಸ್ತೈತಿ. ನೀವು ಮುಂಬೈ ನೋಡಾಕ ಹೊಂಟೀರಿ, ಹೋಗ್ರಿ, ನಾ ಏನು ಬ್ಯಾಡ ಅನ್ನಂಗಿಲ್ಲ. ಆದ್ರ ಕಳ್ಳರ ಊರು ಅನ್ನೂದನ್ನ ತಲ್ಯಾಗ ಇಟ್ಕೊಂಡು ಹೋಗಬ್ಯಾಡ್ರಿ. ಆ ಊರಿಗೆ ಬ್ಯಾರೆ ಕೊರತಿ ರಗಡ ಅದಾವು, ಬೇಕಾದ್ರ ಸಂಜಿ ತನಕ ಹೇಳ್ತೀನಿ, ಆದ್ರ ಕಳವು ಅಂದ್ರ... ಏ ಸಾವಿತ್ರಿ, ಆ ಫೋನ್ ಕೆಳಗ ಇಡು. ಇಡು ಅಂದೆನಲ್ಲ. ಸಣ್ಣಜ್ಜಿ ಬರೂದ್ರಾಗ ಹೇಳಿ ಮುಗಸ್ತೀನಿ, ಕುಂದ್ರು.

ನಿಮ್ಮ ಸಣ್ಣಜ್ಜಿ ಗಂಗವ್ವ ನನ್ನ ಬೆನ್ನಿಗೆ ಹುಟ್ಟಿದಾಕಿ. ಆನೆಗೊಂದಿಗೆ ಕೊಟ್ಟಿದ್ವಿ. ಆಕಿ ಗಂಡ ಹೊಳಿಯಾಗ ಹರಗೋಲು ನಡಸ್ತಿದ್ದ, ಭಾಳ ಛಲೋ ಮನಷ್ಯಾ, ಬಾಯಿ ತುಂಬ ಮಾತು, ನನ್ನ ಕಂಡ್ರ ಸಾಕು, "ಅಕ್ಕಾರ, ಹರಗೋಲದಾಗ ಕುಂದ್ರಬೇಕಂದ್ರ ಬಾಯಿ ಮುಚ್ಚಿ ಕುಂದ್ರಬೇಕ್ರಿ, ಇಲ್ಲಾಂದ್ರ ಮುಳಗ್ತೈತಿ" ಅಂತ ಕಾಡಸ್ತಿದ್ದ. ಒಂದು ಮಳಿಗಾಲ ಡ್ಯಾಮಿನ ನೀರು ಬಿಟ್ಟಾರ, ಹೊಳಿ ತುಂಬಿ ಹರಿಯಾಕತ್ತೈತಿ, ಆ ದಂಡ್ಯಾಗ ಯಾರದೋ ಆಡು ಸಿಕ್ಕಾವು ಅಂತ ಇಂವ ಹೋದ. ಹೋಗೂ ಮುಂದ ತಲಿ ರುಮಾಲು ಬಿಚ್ಚಿ ಕಲ್ಲಿನ ಮ್ಯಾಲ ಇಟ್ಟು ಹೋದ. ಹರಗೋಲು ಬಂಡಿಗಲ್ಲಿನ ಸಂದ್ಯಾಗ ಸಿಕ್ತು. ಇಂವ ಸಿಗಲಿಲ್ಲ. ಎಂಟು ದಿನ ಹುಡುಕಿದ್ರು, ಕೈಗೆ ಬಂದದ್ದು ಆ ಕೆಂಪು ರುಮಾಲು ಒಂದ. ಮಣ್ಣು ಮಾಡಾಕ ಹೆಣ ಇಲ್ಲ. ಹಿರ್ಯಾರು ಬಂದು, "ಯವ್ವಾ, ಹೊಳಿ ಒಯ್ದು ಸಮುದ್ರಕ್ಕ ಹಾಕೇತಿ, ಸುಮ್ಕಿರು" ಅಂದ್ರು. ಅವರು ಸಮಾಧಾನಕ್ಕ ಅಂದ್ರು. ಇಕಿ ಅದನ್ನ ಗಟ್ಯಾಗಿ ಹಿಡಕೊಂಡ್ಲು. ರುಮಾಲು ಟ್ರಂಕಿನ ತಳದಾಗ ಇಟ್ಲು, ನಾ ಯಾವಾಗ ಹೋದ್ರೂ ಬಾಳಿನಾರು ಹೊಸಕೋಂತ ಒಂದ ಮಾತು, "ಅಕ್ಕಾ, ನನಗ ಒಮ್ಮೆ ಸಮುದ್ರ ತೋರಸು. ಅವ್ರ ರುಮಾಲು ಅವ್ರಿಗೆ ಮುಟ್ಟಿಸಿ ಬರ್ತೀನಿ."

ನೀ ಏನ ಅನ್ನಾಕ ಬಂದಿ ಸಾವಿತ್ರಿ, ಗೊತ್ತೈತಿ ನನಗ. ನಮ್ಮ ಹೊಳಿ ಮೂಡಣ ಸಮುದ್ರಕ್ಕ ಹೋಗ್ತೈತಿ, ಮುಂಬೈ ಇರೂದು ಪಡುವಣಕ್ಕ, ಹೌದಿಲ್ಲೋ? ಸಾಲ್ಯಾಗ ಹೇಳ್ಯಾರ ನಿನಗ. ನಮಗ ಯಾರು ಹೇಳಿದ್ರು? ಸಮುದ್ರ ಅಂದ್ರ ಒಂದ, ಎಲ್ಲಿ ಮುಟ್ಟಿದ್ರೂ ಅದ ನೀರು ಅಂತ ತಿಳಕೊಂಡಿದ್ವಿ. ಈ ಮಾತು ಆಕಿ ಮುಂದ ಆಡೀರಿ ಮತ್ತ!

ಈಗ ಮೂರು ವರ್ಷ ಆತು, ಅಲ್ಲ, ನಾಕು, ಈ ಕರಿ ಎಮ್ಮಿ ಮೊದಲ್ನೇ ಕರ ಹಾಕಿದ ವರ್ಷ ಅದು. ನಮ್ಮೂರ ಶರಣಪ್ಪ ಬಸ್ ಮಾಡ್ಸಿದ, ಪಂಢರಪುರ, ಶಿರಡಿ, ಕಡೀಕ ಮುಂಬೈ. ಗಂಗವ್ವನ್ನ ಕರಕೊಂಡ್ನಿ. ಬಸ್ಸಿನಾಗಿನ ಮಂದಿ ದೇವ್ರ ದರ್ಶನಕ್ಕ ಹೊಂಟಿದ್ರ, ಇಕಿ ಅಷ್ಟೂ ದೇವ್ರಿಗೆ ಅವಸರದಾಗ ಕೈ ಮುಗದು, "ಮುಂಬೈ ಯಾವಾಗ ಬರ್ತೈತ್ರಿ ಶರಣಪ್ಪಾರ" ಅಂತ ಕೇಳಾಕಿ. ಬಂತು ತಗೋ ಮುಂಬೈ. ಊರು ಬಂತು, ಊರು ಬಂತು ಅಂತಾರ, ಬಸ್ ನಿಂತಲ್ಲೇ ನಿಂತೈತಿ, ಊರ ಒಳಗ ಹೋಗವಲ್ದು. ಟೀವ್ಯಾಗ ನೋಡಿದ ಊರು ಒಂದು, ಕಣ್ಣಾಗ ಬಿದ್ದ ಊರು ಒಂದು. ಮುಗಲ ಮುಟ್ಟೂ ಮನಿ ಅದಾವು, ಖರೆ, ಆದ್ರ ಅಷ್ಟು ದೊಡ್ಡ ಊರಾಗ ಒಂದು ಕಟ್ಟಿ ಇಲ್ರೋ! ಮುದುಕ್ಯಾರು ಒಂದು ಗಳಿಗಿ ಕುಂದ್ರಬೇಕಂದ್ರ ಜಾಗಾ ಇಲ್ಲ. ಅಂಗಡಿ ಮೆಟ್ಟಲ ಮ್ಯಾಲ ಕುಂತ್ರ "ಉಠೋ ಉಠೋ" ಅಂತಾರ. ನೀರು ಕೇಳಿದ್ರ ಬಾಟ್ಲಿ ತೋರಸ್ತಾರ. ಇನ್ನ ಹೆಣ್ಣಮಕ್ಕಳು ಒಂದಕ್ಕ ಹೋಗೂ ತ್ರಾಸಂತೂ ಕೇಳಬ್ಯಾಡ್ರಿ, ನನಗ ಸಕ್ರಿ ಬ್ಯಾನಿ ಬ್ಯಾರೆ, ಮುಂಜಾನಿಂದ ಬಿಗಿ ಹಿಡಕೊಂಡು ಕಣ್ಣಾಗ ನೀರು ಬಂದಿತ್ತು.

ಸಮುದ್ರದ ದಂಡ್ಯಾಗ ಒಂದು ದೊಡ್ಡ ಕಲ್ಲಿನ ಬಾಗಲ ಐತಲ್ಲ, ಅಲ್ಲಿ ಇಳಿಸಿದ್ರು. ಶರಣಪ್ಪ, "ಒಂದು ತಾಸು, ಎಲ್ಲಾರೂ ಇಲ್ಲೇ ಬರ್ರಿ" ಅಂದ. ಮಂದಿ ಅಂದ್ರ ಮಂದಿ. ಎಲ್ಲಾರೂ ಸಮುದ್ರಕ್ಕ ಬೆನ್ನು ಕೊಟ್ಟು ನಿಂತಾರ, ಫೋನ್ ಎತ್ತಿ ಹಲ್ಲು ಕಿಸದು ತಮ್ಮ ಮಾರಿ ತಾವ ನೋಡ್ಕೊಳ್ಳಾಕತ್ತಾರ. ಸಮುದ್ರ ಯಾರಿಗೂ ಬೇಕಾಗಿಲ್ಲ. ಗಂಗವ್ವ ಮಂದ್ಯಾಗ ನುಗ್ಗಿ ಗ್ವಾಡಿ ಹಿಡಕೊಂಡು ಬಗ್ಗಿ ನೋಡಿದ್ಲು. ನೀರು ಅಷ್ಟು ಕೆಳಗ. ಮ್ಯಾಲ ಎಣ್ಣಿ, ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು. ಇಳಿಯಾಕ ಮೆಟ್ಟಲ ಇದ್ವು, ಅಲ್ಲಿ ಬೋಟಿನ ಚೀಟಿ ಇದ್ದವರನ್ನ ಅಷ್ಟ ಬಿಡಾಕತ್ತಿದ್ರು. ಇಕಿ ನನ್ನ ಕಡೆ ತಿರುಗಿ, "ಅಕ್ಕಾ, ಇದ ಏನ ಸಮುದ್ರ?" ಅಂದ್ಲು. "ಇದ ಇರಬೇಕವ್ವಾ" ಅಂದೆ. "ಮುಟ್ಟಾಕ ಆಗವಲ್ದಲ್ಲ ಅಕ್ಕಾ" ಅಂದ್ಲು. ಆ ದನಿ ಕೇಳಿದ್ರ ಕಲ್ಲೂ ಕರಗತಿತ್ತು.

ಆಮ್ಯಾಲ ಏನ ಮಾಡಿದ್ಲು, ನೋಡ್ರಿ. ನಮ್ಮ ಕಡೆ ಗಂಗಿ ಪೂಜಿಗೆ ಹೋದಾಗ ಏನ ಮಾಡ್ತೀವಿ? ಹೊಳಿಯಿಂದ ದೂರ ಚಪ್ಪಲ ಬಿಡ್ತೀವಿ, ಗಂಟು ಚಪ್ಪಲ ಮ್ಯಾಲ ಇಡ್ತೀವಿ, ಬರಿಗಾಲಿಲೆ ನೀರಿಗೆ ಹೋಗ್ತೀವಿ. ಗಂಟು ಚಪ್ಪಲ ಮ್ಯಾಲ ಐತಿ ಅಂದ್ರ ಅದರಾಕಿ ಇಲ್ಲೇ ನೀರಾಗ ಅದಾಳ ಅಂತ ಅರ್ಥ, ನಮ್ಮ ಊರಾಗ ಯಾರೂ ಮುಟ್ಟಂಗಿಲ್ಲ. ಇಕಿ ಅಲ್ಲೂ ಹಂಗ ಮಾಡಿದ್ಲು. ಹಳೇ ಇಳಕಲ್ ಸೀರಿ ತುಂಡಿನಾಗ ಕಟ್ಟಿದ ಗಂಟು, ಅದರಾಗ ಅರಿಷಿಣ, ಕುಂಕುಮ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಆಕಿ ಫೋನು, ತಳದಾಗ ಆ ರುಮಾಲು. ಚಪ್ಪಲ ಬಿಟ್ಟು ಅದರ ಮ್ಯಾಲ ಗಂಟಿಟ್ಟು, "ಅಕ್ಕಾ, ನೋಡ್ಕೊಂತ ಇರು, ನೀರು ಕೈಗೆ ಎಲ್ಲಿ ಸಿಗತೈತಿ ನೋಡಿ ಬರ್ತೀನಿ. ನೀರು ಮುಟ್ಟಲಾರ್ದ ನಾ ಬಸ್ ಹತ್ತಂಗಿಲ್ಲ" ಅಂತ ಹೇಳಿ ಹೋದ್ಲು. ನೋಡ್ಕೋ ಅಂದಿದ್ಲು ನನಗ. ನನಗ ಒಂದಕ್ಕ ತಡಿಲಿಲ್ಲ. ಚಪ್ಪಲ ಮ್ಯಾಲ ಗಂಟೈತಿ, ಯಾರು ಮುಟ್ಟತಾರ ಅಂತ ನಾನೂ ಬಿಟ್ಟು ಹೋದ್ನಿ. ಪಾಳಿ ಹಚ್ಚಿ ನಿಂತು ಬರೂದ್ರಾಗ ಅರ್ಧ ತಾಸು ಆತು.

ಬಂದು ನೋಡಿದ್ರ ಶೀಟಿ ಹೊಡ್ಯಾಕತ್ತಾರ. ಹಗ್ಗಾ ಕಟ್ಯಾರ. ಪೊಲೀಸರು, ಒಂದು ದೊಡ್ಡ ನಾಯಿ, ಮಂದಿ ಎಲ್ಲಾ ದೂರ ಸರದು ನಿಂತೈತಿ, ನಟ್ಟ ನಡುವ ನಮ್ಮ ಗಂಟು ಒಂದ ಕುಂತೈತಿ. ಬಾಂಬು ಅಂತ! ನಗಬ್ಯಾಡ್ರಿ, ಅವರ ತಪ್ಪಿಲ್ಲ, ಆ ಊರು ಏನೇನು ಕಂಡೈತೋ, ವಾರಸದಾರ ಇಲ್ಲದ ಗಂಟು ಕಂಡ್ರ ಅಂಜ್ತಾರ. ಒಬ್ಬ ಪೊಲೀಸ ಒದರ್ತಾನ, "ಯೇ ಗಠರಿ ಕಿಸ್ಕಾ ಹೈ? ಕಿಸ್ಕಾ ಹೈ?" ಈ ಗಂಟು ಯಾರದು ಅಂತ ಕೇಳಾಕತ್ತಿದ್ದು ನನಗ ತಿಳಿಲಿಲ್ಲ ಅಂತೀರೇನು? ಈ ಊರಿಗೆ ಬಂದಾಗಿಂದ ಸಾಬರ ಮನಿ ಬಾಜೂಕ ಸಂಸಾರ ಮಾಡಿದಾಕಿ ನಾನು, ಅಷ್ಟು ಮಾತು ಛಲೋ ತಿಳೀತೈತಿ. ಅಂವ ನನ್ನ ಕಡೆ ನೋಡಿದ, ನನ್ನ ಸೀರಿ ನೋಡಿದ, ಗಂಟಿನ ಬಟ್ಟಿ ನೋಡಿದ. ಎರಡೂ ಇಳಕಲ್ ಅಂಚು. ಹಂತ್ಯಾಕ ಬಂದು ಮೆತ್ತಗ ಕೇಳಿದ, ಬೈಯಲಿಲ್ಲ ಮತ್ತ, ಮೆತ್ತಗ, "ಮಾಜೀ, ಆಪ್ಕಾ ಹೈ ಕ್ಯಾ?" ಹೂಂ ಅಂದ್ರ ಕಟ್ಕೊಂಡು ಹೋಗ್ತಾರ, ಗುರ್ತಿಲ್ಲದ ಊರಾಗ ಜೇಲಿನಾಗ ಸಾಯ್ತೀನಿ ಅನ್ಸಿತು. ನಾ ತಲಿ ಅಲ್ಲಾಡ್ಸಿದೆ. ನಂದಲ್ಲ ಅಂತ.

ಅಷ್ಟ. ಮಂದೀನ ಹಿಂದಕ್ಕ ತಳ್ಳಾಕತ್ತಿದ್ರು. ತಳ್ಳಿಸ್ಕೊಂತ ತಳ್ಳಿಸ್ಕೊಂತ ನಾ ಯಾವುದೋ ರಸ್ತೇಕ ಬಂದು ಬಿದ್ದೆ. ತಿರುಗಿ ಹೋಗೂದ್ರಾಗ ಗಂಟು ಗಾಡ್ಯಾಗ ಹಾಕ್ಕೊಂಡು ಒಯ್ದಿದ್ರು, ಚಪ್ಪಲೂ ಒಯ್ದಿದ್ರು, ಗಂಗವ್ವ ಇಲ್ಲ. "ಗಂಗೂ! ಏ ಗಂಗೂ!" ಅಂತ ಒದರೇ ಒದರಿದೆ. ಅಷ್ಟು ಸಾವಿರ ಮಂದಿ, ಒಬ್ಬರೂ ತಿರುಗಿ ನೋಡಲಿಲ್ಲ. ಆಕಿಗೆ ಕನ್ನಡ ಬಿಟ್ರ ಒಂದಕ್ಷರ ಬರಂಗಿಲ್ಲ. ಕಾಲಾಗ ಚಪ್ಪಲ ಇಲ್ಲ, ಕೈಯಾಗ ಫೋನ್ ಇಲ್ಲ, ಸುಡು ಸುಡು ಬಿಸಲು. ಹೆಣ ಇಲ್ಲದ ಗಂಡ ಆತು, ಈಗ ತಂಗೀನೂ ಹಂಗ ಆದ್ಲಲ್ಲೋ ಶಿವನ ಅಂತ ನೆಲಕ್ಕ ಕುಂತು ಬಡಕೊಂಡೆ. ಅಲ್ಲಿಂದನೂ ಎಬ್ಬಿಸಿದ್ರು ನೋಡ್ರಿ, ದಾರಿಗೆ ಅಡ್ಡ ಅಂತ.

ಶರಣಪ್ಪ ಬಂದ. "ಎಲ್ಲಿ ಹೋಗ್ಯಾರ್ರಿ? ಗಂಟು ಎಲ್ಲೈತ್ರಿ? ಅದರಾಗ ಫೋನ್ ಇತ್ತಲ್ಲ?" ಆಗರ ಹೇಳಬೇಕಿತ್ತೋ ಬ್ಯಾಡೋ? ಪೊಲೀಸ ಚೌಕಿಗೆ ಹೋಗಿ, ಆ ಗಂಟು ನಮ್ದರಿ, ಅದರಾಕಿ ಕಳದಾಳ್ರಿ ಅಂದಿದ್ರ ಅವರ ಹುಡುಕತಿದ್ರು, ರುಮಾಲೂ ಸಿಗತಿತ್ತು. ನನ್ನ ಬಾಯಿಗೆ ಏನ ಬಡದಿತ್ತೋ, "ಗಂಟು ಕಳುವಾತ್ರಿ ಶರಣಪ್ಪಾರ" ಅಂದ್ಬಿಟ್ಟೆ. ಅಂವ ಒಂದು ಕಡೆ ಹುಡುಕಾಕ ಓಡಿದ. ಬಸ್ಸಿನಾಗಿನ ಮಂದಿ "ಒಬ್ಬಾಕಿ ಸಲುವಾಗಿ ಎಲ್ಲಾರೂ ಕಾಯಬೇಕೇನ" ಅಂತ ಗುಣುಗುಣು ಅನ್ನಾಕತ್ತಿದ್ರು. ನಾ ಕಣ್ಣೀರು ಒರಸ್ಕೊಂಡು ವಿಚಾರ ಮಾಡಿದೆ, ನೀರು ಮುಟ್ಟಲಾರ್ದ ಬಸ್ ಹತ್ತಂಗಿಲ್ಲ ಅಂದಾಳ, ಅಂದ್ರ ನೀರು ಕೈಗೆ ಸಿಗೂ ತನಕ ನಡೀತಾಳ ಆಕಿ, ಹಠಮಾರಿ. ಗ್ವಾಡಿ ಬಿಡಲಾರ್ದಂಗ ನಡದೆ. "ಹಮಾರಿ ಬಹನ್ ದೇಖೇ ಕ್ಯಾ" ಅಂತ ತಂಗಿ ಸಲುವಾಗಿ ಕಂಡ ಕಂಡವರನ್ನ ಕೇಳ್ಕೊಂತ ನಡದೆ. ಮಧ್ಯಾಹ್ನ ಹೋಗಿ ಹೊತ್ತು ಇಳಿಯಾಕ ಬಂತು, ಗ್ವಾಡಿ ಮುಗಿದು ಮೀನಗಾರರ ದೋಣಿ ನಿಲ್ಲೂ ಜಾಗಾ ಬಂತು.

ಅಲ್ಲಿ ಕುಂತಿದ್ಲು. ಬಲಿ ಗುಂಪಿ ಮ್ಯಾಲ. ಮೀನ ಮಾರೂ ಒಬ್ಬಾಕಿ ಆಕಿ ಕಾಲಿಗೆ ನೀರು ಹಾಕಾಕತ್ತಿದ್ಲು, ಎರಡೂ ಅಂಗಾಲು ಬೊಬ್ಬಿ ಎದ್ದು ಹರದು ರಕ್ತಾ. ಇಕಿ ಮಾತು ಅಕಿಗೆ ತಿಳಿಯಂಗಿಲ್ಲ, ಅಕಿ ಮಾತು ಇಕಿಗೆ ತಿಳಿಯಂಗಿಲ್ಲ, ಆದ್ರೂ ನೀರು ಹಾಕಾಕತ್ತಾಳ. ನಾ ಓಡಿ ಹೋಗಿ ತೆಕ್ಕಿ ಬಿದ್ದೆ. ಅಳತಾಳ, ಬೈತಾಳ ಅಂತ ಮಾಡಿದ್ನಿ. ಆಕಿ ನನ್ನ ಎರಡೂ ಕೈ ನೋಡಿದ್ಲು. ನೋಡಿ ಕೇಳಿದ್ಲು, "ಅಕ್ಕಾ, ಗಂಟು ತಂದಿ?"

ಮೂರನೇ ಸುಳ್ಳು ಅದು. "ಕಳ್ಳರು ಒಯ್ದ್ರವ್ವಾ" ಅಂದೆ.

ಆಕಿ ಅಳಲಿಲ್ಲ. ಕುಂಟಕೋಂತ ಎದ್ದು ನೀರಿಗೆ ಹೋದ್ಲು, ಕೆಸರಾಗ ನಿಂತು ಬರಿಗೈ ನೀರಾಗ ಅದ್ದಿದ್ಲು. ಅದ್ದಿ ಗಂಡನ ಕೂಡ ಮಾತಾಡಿದ್ಲು, ನಾ ಕೇಳ್ಸಿಕೊಂಡೀನಿ. "ಬಂದೀನ್ರಿ. ನಿಮ್ಮ ರುಮಾಲು ತಂದಿದ್ನಿ, ಈ ಊರ ಮಂದಿ ಕದ್ದ್ರು. ಸಿಟ್ಟಾಗಬ್ಯಾಡ್ರಿ." ಅಷ್ಟ ಹೇಳಿ ತಿರುಗಿ ಬಂದ್ಲು. ಅವತ್ತಿನಿಂದ ಮುಂಬೈ ಅಂದ್ರ ಕಳ್ಳರ ಊರು. ಆನೆಗೊಂದಿ ತುಂಬ ಹೇಳ್ಯಾಳ, ಇಲ್ಲಿ ಹೇಳ್ಯಾಳ, ನಿಮಗ ಹೇಳ್ಯಾಳ. ಕಾಲಿಗೆ ನೀರು ಹಾಕಿದ ಆ ಪುಣ್ಯಾತಗಿತ್ತೀನೂ ಆ ಊರಾಕಿನ ಅಲ್ಲೇನು? ಕಟ್ಟಿ ಇಲ್ಲ, ನೀರಿಲ್ಲ, ಸಮುದ್ರ ಮುಟ್ಟಾಕ ಬಿಡಂಗಿಲ್ಲ, ಎಲ್ಲಾ ಖರೆ. ಆದ್ರ ಆ ಊರು ನಮ್ದೇನು ಕದ್ದಿಲ್ಲ. ಯಾರದು ಅಂತ ಮೂರು ಮೂರು ಸಲ ಕೇಳಿ ಒಯ್ದೈತಿ. ಸುಳ್ಳು ಹೇಳಿದಾಕಿ ನಾನು, ಇರಕಲ್ಲಗಡದಾಕಿ.

ನಾಕು ವರ್ಷ ಆತು, ಈ ಮಾತು ಗಂಟಲದಾಗ ನಿಂತೈತಿ, ಉಣ್ಣಾಕ ಬಿಡವಲ್ದು. ಈಗ ಆನೆಗೊಂದಿ ಕಡೆಯಿಂದ ಬಸ್ ಬರ್ತೈತಿ, ಆಕಿ ಬರ್ತಾಳ ನಿಮ್ಮನ್ನ ಕಳಸಾಕ. ನೀವು ಯಾರೂ ಬಾಯಿ ಬಿಡಬ್ಯಾಡ್ರಿ, ನಾನ ಹೇಳ್ತೀನಿ. ಹೊಡದ್ರ ಹೊಡೀಲಿ, ಮಾತು ಬಿಟ್ರ ಬಿಡ್ಲಿ. ಏ, ಹಾರ್ನ್ ಆತಲ್ಲ? ಹೋಗ್ರಿ, ಆಕಿ ಕೈಯಾಗಿನ ಚೀಲ ತಗೊಂಬರ್ರಿ, ಕಾಲಿನ್ನೂ ನೆಟ್ಟಗಿಲ್ಲ ಆಕೀದು. ಮತ್ತ ಮುಂಬೈಯಾಗ ಯಾರರ ಈ ಗಂಟು ಯಾರದು ಅಂತ ಕೇಳಿದ್ರ ಅಂಜಬ್ಯಾಡ್ರಿ, ನಮ್ದರಿ ಅನ್ರಿ.