ಹಿಂದಿನ ಸಾಲಿನ ನೀಲಿ ಅಂಗಿ

ಮೊದ್ಲು ಆ ಇಸ್ತ್ರಿಪೆಟ್ಟಿಗೆ ಕೆಳಗಿಡು. ನಾನು ಮಾತಾಡ್ತಿರೋದು ನಿನ್ ಹತ್ರ, ಬಟ್ಟೆ ಹತ್ರ ಅಲ್ಲ. ಇನ್ನೊಂದ್ಸಲ ಹೇಳು... ಗಾಯನ ತಂಡ ಬಿಡ್ತೀಯಾ? ಒಂಬತ್ತು ವರ್ಷ ಇಬ್ರೂ ಸೇರಿ ಹಾಡಿದ್ಮೇಲೆ, ಕಾರ್ಯಕ್ರಮಕ್ಕೆ ಮೂರೇ ವಾರ ಇರೋವಾಗ? ಗಂಡನಿಗೆ ಹೇಳೋ ರೀತಿನಾ ಇದು, ನಾಳೆಯಿಂದ ಹಾಲು ಅರ್ಧ ಲೀಟರ್ ಸಾಕು ಅನ್ನೋ ಹಾಗೆ?

ಸುಸ್ತು ಅಂತ ಮಾತ್ರ ಹೇಳ್ಬೇಡ. ಲ್ಯಾಬಲ್ಲಿ ಬೆಳಿಗ್ಗೆಯಿಂದ ನಿಂತ್ಕೊಂಡು ಜನರ ರಕ್ತ ತೆಗೀತೀಯ, ಒಪ್ಕೊಂಡೆ. ನನ್ನ ರಕ್ತ ತೆಗೆಯೋಕೆ ನಿಂಗೆ ಸೂಜೀನೂ ಬೇಕಾಗಿಲ್ಲ. ನಾನೇನು ಬಸ್ ಡಿಪೋದಲ್ಲಿ ಕಾಲು ಚಾಚ್ಕೊಂಡು ಕೂತಿರ್ತೀನಾ? ನೂರಾ ಹನ್ನೆರಡು ಜನ ಡ್ರೈವರ್‌ಗಳಿಗೆ ಡ್ಯೂಟಿ ಹಾಕ್ಬೇಕು. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನ ಮಾವ ತಿಂಗಳಿಗೊಂದ್ಸಲ ಸಾಯ್ತಾನೆ... ಅಂಥದ್ರಲ್ಲೂ ಶುಕ್ರವಾರ ಐದೂವರೆಗೆ ಪೆನ್ನಿನ ಮುಚ್ಚಳ ಹಾಕಿ ಎದ್ದು ಬರ್ತೀನಿ. ಒಂದು ಶುಕ್ರವಾರಾನೂ ತಪ್ಪಿಸಿಲ್ಲ. ಹೋದ ವರ್ಷ ಹಲ್ಲು ಕೀಳಿಸ್ಕೊಂಡ ದಿನಾನೂ ಬಂದಿದೀನಿ, ಬಾಯಲ್ಲಿ ಹತ್ತಿ ಇಟ್ಕೊಂಡು!

ಯಾಕೆ ನಗ್ತಿದೀಯ? ನಗ್ಲಿಲ್ವಾ? ನಾನು ನೋಡ್ದೆ, ತುಟಿ ಕೊನೆ ಅಲ್ಲಾಡ್ತು.

ನಗು, ನಗು. ಫ್ರಿಜ್ ಮೇಲೆ ನಾನು ಅಂಟಿಸಿರೋ ಚಾರ್ಟ್ ನೋಡಿ ತಾಯಿ ಮಗಳು ನಗೋದು ನಂಗೊತ್ತಿಲ್ವಾ? ಮಂಗಳವಾರ ಚೆಸ್ಸು, ಭಾನುವಾರ ಮೂವರೂ ಕೂತು ಚಿತ್ರ ಬರೆಯೋದು, ಶುಕ್ರವಾರ ಹಾಡು. ಭಾನುವಾರ ವಾರದ ರಜೆ ಕೊಡಿ ಅಂತ ನನ್ಗೇ ಅರ್ಜಿ ಕೊಟ್ಲಲ್ಲ ನಿನ್ ಮಗಳು, ಬರೆಸಿದ್ಯಾರು? ಆದ್ರೆ ಆ ಚಾರ್ಟ್ ಇಲ್ದಿದ್ದಾಗ ಹೇಗಿತ್ತು, ಮರ್ತೋಯ್ತಾ? ನೀನು ಒಳಗೆ ಬರೋ ಹೊತ್ತಿಗೆ ನಾನು ಹೊರಗೆ. ಬಾಗಿಲ ಹತ್ರ ಬೀಗದಕೈ ಕೊಟ್ಟು ತಗೊಳ್ಳೋದೇ ನಮ್ಮ ಸಂಸಾರ ಆಗಿತ್ತು.

ನಿನ್ನೆ ಪ್ರಾಕ್ಟೀಸ್ ಮುಗಿದ್ಮೇಲೆ ಮೇಷ್ಟ್ರು ನಿನ್ನ ಮೆಟ್ಟಿಲ ಹತ್ರ ನಿಲ್ಲಿಸ್ಕೊಂಡ್ರು. ಹತ್ತು ನಿಮಿಷ. ಹೆಲ್ಮೆಟ್ ಹಾಕ್ಕೊಂಡು ಸ್ಕೂಟರ್ ಮೇಲೆ ಕೂತು ನೋಡ್ತಾನೇ ಇದ್ದೆ. ಆಮೇಲೆ ದಾರಿಯುದ್ದಕ್ಕೂ ನಿನ್ ಬಾಯಿಗೆ ಬೀಗ. ಏನಂದ್ರು? ನೀನು ಒಬ್ಳೇ ಹಾಡೋ ಚರಣ ಬೇರೆಯವರಿಗೆ ಕೊಟ್ರಾ? ಅಲ್ವಾ? ಮತ್ತೆ?

ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಂಗಾದ್ರೆ ಕುಣಿಯೋಕೆ ಬರುತ್ತೆ! ಎದೆ ತುಂಬ ದನಿ ಇಟ್ಕೊಂಡು ಬಿಡ್ತೀನಿ ಅಂತೀಯಲ್ಲ, ಮೈ ಉರಿಯುತ್ತೆ ನಂಗೆ. ಇಲ್ಲದೋರು ಎಷ್ಟು... ಏನಿಲ್ಲ. ಇಲ್ಲದೋರು ಅಂದ್ರೆ ಇಲ್ಲದೋರು. ಯಾರನ್ನೂ ಅಂದಿದ್ದಲ್ಲ. ಹಾಗ್ ನೋಡ್ಬೇಡ.

ಆ ಚೀಲ ಕೊಡಿಲ್ಲಿ. ತಂಡದ ನೀಲಿ ಯೂನಿಫಾರ್ಮ್ ವಾಪಸ್ ಕೊಡೋಕೆ ಇಷ್ಟು ಅವಸರನಾ? ಇದು ನಿಂದು, ಗುಂಡಿ ಬದಲಾಯಿಸಿದ್ದು. ಇದು... ಇದು ನಂದು.

ನನ್ನ ಅಂಗಿ ಯಾಕೆ ಮಡಚಿಟ್ಟೆ? ನಾನು ಬಿಡ್ತೀನಿ ಅಂದ್ನಾ?

ಏನಾದ್ರೂ ಹೇಳೇ.

ಮೇಷ್ಟ್ರು ನನ್ ಬಗ್ಗೆ ಏನೋ ಅಂದಿದಾರೆ. ಇಲ್ದಿದ್ರೆ ಕಣ್ಣು ಯಾಕೆ ಕೆಳಗೆ ಹಾಕ್ದೆ? ಏನಂದಿದ್ರೂ ಸುಳ್ಳು. ಹಿಂದಿನ ಸಾಲಲ್ಲಿ ನನ್ನಷ್ಟು ಅಗಲ ಬಾಯಿ ತೆಗೆಯೋರು ಇನ್ನೊಬ್ಬರಿಲ್ಲ, ಬೇಕಾದ್ರೆ ಫೋಟೋ ನೋಡು. ದನಿ ವಿಷಯ... ದನಿ ವಿಷಯ ಯಾರು ಎತ್ತಿದ್ರು ಈಗ? ನೀನಂತೂ ಎತ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ... ನಾನ್ಯಾಕೆ ಮುಟ್ಟಿ ನೋಡ್ಕೊಳ್ಳಿ?

ಸರಿ. ಕೂತ್ಕೋ. ಕೂರಲ್ವಾ? ನಿಂತೇ ಕೇಳು.

ನಾಲ್ಕು ವರ್ಷ ಆಯ್ತು. ಮೊದಲ್ನೇ ದೊಡ್ಡ ಕಾರ್ಯಕ್ರಮದ ದಿನ, ವೇದಿಕೆ ಹಿಂದೆ, ನಲ್ಲಿ ಹತ್ರ ಮೇಷ್ಟ್ರು ಕರೆದ್ರು ನನ್ನ. 'ಬೇಜಾರು ಮಾಡ್ಕೋಬೇಡಿ, ನಿಮ್ಮ ಶ್ರುತಿ ಪಕ್ಕದೋರನ್ನೂ ಎಳ್ಕೊಂಡು ಹೋಗ್ತಿದೆ. ಇವತ್ತೊಂದಿನ ತುಟಿ ಮಾತ್ರ ಆಡಿಸಿ' ಅಂದ್ರು. ಇವತ್ತೊಂದಿನ! ಮುಂದಿನ ಶುಕ್ರವಾರ ಹಾಡಿ ಅಂತ ಅವರು ಹೇಳ್ಲಿಲ್ಲ, ಹಾಡ್ಲಾ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತಿದ್ರು. ಆಮೇಲೆ ಪ್ರತಿ ಶುಕ್ರವಾರ ನಿನ್ನ ಪ್ರಾಕ್ಟೀಸ್ ಬಾಗಿಲಲ್ಲಿ ಇಳಿಸಿ ನಾನೊಬ್ನೇ ವಾಪಸ್ ಬರಬೇಕಾಗ್ತಿತ್ತು. ನಾಚಿಕೆ ಆಯ್ತು ಕಣೇ, ನಿಂಗೆ ಹೇಳೋಕೆ. ಒಂದೊಂದು ಪದಾನೂ ಬಾಯಿಪಾಠ ಮಾಡಿದೀನಿ. ಉಸಿರು ತಗೊಳ್ಳೋ ಜಾಗಾನೂ ತಪ್ಪಿಸಿಲ್ಲ.

ಈಗ ನಿಂಗೆ 'ವೇದಿಕೆ ಚಿಕ್ಕದು, ನಿಮ್ಮೆಜಮಾನ್ರಿಗೆ ಜಾಗ ಇಲ್ಲ, ನೀವೇ ಹೇಳಿಬಿಡಿ' ಅಂದಿರ್ತಾರೆ. ಅಷ್ಟೇ ತಾನೇ? ಅದಕ್ಕೆ ಅಯ್ಯೋ ಪಾಪ ಅಂತ ನೀನೂ ಬಿಡೋದು! ಬೇಡ ನಂಗೆ ನಿನ್ ಕನಿಕರ. ನಿನ್ನ ಅಂಗಿ ಚೀಲದಿಂದ ಈಗಲೇ ತೆಗಿ.

ತೆಗಿ ಅಂದೆ. ಯಾಕೆ ಹೀಗೆ ನಿಂತಿದೀಯ? ಇಂಥ ವಿಷಯ ಕೇಳಿದ್ರೆ ಆಶ್ಚರ್ಯ ಆಗ್ಬೇಕು ನಿಂಗೆ. ಸಿಟ್ಟು ಬರ್ಬೇಕು. ನಾಲ್ಕು ವರ್ಷ ಮೋಸ ಮಾಡಿದ್ರಲ್ಲ ಅಂತ ಒಂದು ಮಾತಾದ್ರೂ...

ನಿನ್ನೆ ತಾನೇ ಗೊತ್ತಾಗಿದ್ದು ನಿಂಗೆ?

ತಡಿ. ನೀನು ನಿಲ್ಲೋದು ನನ್ನ ಮುಂದಿನ ಸಾಲಲ್ಲಿ, ಸರಿಯಾಗಿ ನನ್ನೆದುರಿಗೆ. ನನ್ನ ಬಾಯಿಗೂ ನಿನ್ನ ಕಿವಿಗೂ ಒಂದು ಮೊಳಾನೂ ದೂರ ಇಲ್ಲ. ಹಿಂದಿನಿಂದ ಬರೀ ಉಸಿರು ಬರ್ತಿದ್ರೆ... ಆದ್ರೆ ಪ್ರತಿ ಶುಕ್ರವಾರ, ಮನೆಗೆ ಹೋಗ್ತಾ, ಸಿಗ್ನಲ್ ಬಿದ್ದಾಗ, ನನ್ನ ಭುಜದ ಮೇಲೆ ಕೈಯಿಟ್ಟು 'ಇವತ್ತು ನಿಮ್ ದನಿ ಚೆನ್ನಾಗಿ ಸೇರ್ಕೊಳ್ತು' ಅಂತಿದ್ಯಲ್ಲ. ಹತ್ತಿ ಇಟ್ಕೊಂಡಿದ್ದ ದಿನಾನೂ ಅಂದ್ಯಲ್ಲ. ನಿನ್ನೆ ಒಂದಿನ ಅನ್ಲಿಲ್ಲ, ಅಷ್ಟೇ.

ಯಾವತ್ತಿಂದ ಗೊತ್ತಿತ್ತು ನಿಂಗೆ?

ಹೇಳು. ಕೇಳಿಸ್ತಿಲ್ಲ ನಂಗೆ... ಬರೀ ತುಟಿ ಆಡಿಸ್ಬೇಡ. ದನಿ ತೆಗೆದು ಹೇಳು.