ನಾಲ್ಕನೇ ನಂಬರಿನ ಕುದುರೆ, ಎದುರು ಜಗಲಿಯ ನಗು

ಕಾಮ, ಕ್ರೋಧ, ಲೋಭ, ಮೋಹ, ಮದ. ಐದಾಯಿತು. ಐದು ದಿನದಿಂದ ಇದೇ ಸಭೆಯಲ್ಲಿ ಒಂದೊಂದನ್ನೇ ನೋಡಿಕೊಂಡು ಬಂದೆವು. ಕೋಪದ ಬಗ್ಗೆ ಮಾತಾಡಿದ ದಿನ ಹತ್ತು ಜನ ನನ್ನ ಹತ್ತಿರ ಬಂದು, 'ಬುದ್ಧಿ, ನನಗೆ ಕೋಪ ಜಾಸ್ತಿ' ಅಂದರು. ಒಬ್ಬ ಅದನ್ನು ಹೆಮ್ಮೆಯಿಂದಲೇ ಹೇಳಿದ. ಆಸೆಯ ಬಗ್ಗೆ ಹೇಳಿದಾಗಲೂ ನಾಲ್ಕು ಜನ ಒಪ್ಪಿಕೊಂಡರು. ಇವತ್ತು ಆರನೆಯದು, ಮಾತ್ಸರ್ಯ. ನಮ್ಮ ನಿಮ್ಮ ಮಾತಿನಲ್ಲಿ ಹೊಟ್ಟೆಕಿಚ್ಚು. ಬಾಜಿ ಕಟ್ಟುತ್ತೇನೆ, ಇವತ್ತು ಒಬ್ಬರೂ ಎದ್ದು ಬಂದು, 'ಬುದ್ಧಿ, ನನಗೆ ಹೊಟ್ಟೆಕಿಚ್ಚು' ಅನ್ನುವುದಿಲ್ಲ.

ನಗುತ್ತಿದ್ದೀರಿ. ಸ್ವಾಮಿಗಳು ಬಾಜಿ ಕಟ್ಟುತ್ತಾರೆಯೇ ಅಂತ ತಾನೆ? ಇವತ್ತಿನ ಕಥೆಯೇ ಬಾಜಿಯದು, ಕುದುರೆ ಬಾಜಿಯದು. ಜೂಜು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ನಾಳೆ ನಿಮ್ಮ ಮನೆಯಾಕೆಯರು ಬಂದು ನನ್ನನ್ನು ಹಿಡಿದುಕೊಳ್ಳುವುದು ಬೇಡ. ಕಥೆ ಕೇಳಿ.

ಕುದುರೆ ಓಡಿಸುವ ಒಂದು ಊರು. ಆ ಊರಲ್ಲೊಬ್ಬ ಪಾತ್ರೆ ಅಂಗಡಿಯ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಈ ಸಭೆಯಲ್ಲಿ ಇಬ್ಬರಾದರೂ ತಲೆ ತಗ್ಗಿಸಬೇಕಾಗುತ್ತದೆ. ಎರಡು ಅಂತಸ್ತಿನ ಮನೆ, ಕೆಳಗೆ ಅಂಗಡಿ. ಸ್ಟೀಲು, ತಾಮ್ರ, ಹಿತ್ತಾಳೆ, ಏನು ಕೇಳಿದರೂ ಉಂಟು. ಏನೂ ಕಮ್ಮಿಯಿಲ್ಲ. ಆದರೆ ಎದುರುಗಡೆ ಒಬ್ಬ ಟೈಲರ್ ಇದ್ದ. ಒಂದು ಮಿಷನ್ನು, ಒಂದು ಜಗಲಿ, ಜಗಲಿಯ ಮೇಲೊಂದು ಹಳೆಯ ಬೆಂಚು. ಅಷ್ಟೇ ಅವನ ಆಸ್ತಿ.

ಈ ಟೈಲರಿಗೆ ಕುದುರೆ ರೇಸಿನ ಹುಚ್ಚು. ರೇಸ್ ಇದ್ದ ಭಾನುವಾರ ಊಟ ಮಾಡಿ ಹೋಗುತ್ತಿದ್ದ. ಒಂದಿಷ್ಟು ಚಿಲ್ಲರೆ ದುಡ್ಡು ಕಟ್ಟುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದು ಬೆಂಚಿನ ಮೇಲೆ ಕೂತನೆಂದರೆ ಬೀದಿಯ ಜನವೆಲ್ಲ ಜಗಲಿಗೆ ಸೇರುತ್ತಿತ್ತು. ಯಾವ ಕುದುರೆ ಹೇಗೆ ಓಡಿತು, ಯಾವುದು ಗೆರೆಯ ಹತ್ತಿರ ಬಂದು ಮುಗ್ಗರಿಸಿತು, ಎಲ್ಲವನ್ನೂ ಕೈಕಾಲು ಆಡಿಸಿ ಹೇಳುತ್ತಿದ್ದ. ಗೆದ್ದರೂ ನಗು, ಸೋತರೂ ನಗು.

ಸಾಹುಕಾರ ಗಲ್ಲಾದ ಹಿಂದೆ ಕೂತು ಇದನ್ನೇ ನೋಡುತ್ತಿದ್ದ. ಅವನಿಗೆ ಏನು ಉರಿ? ಟೈಲರ್ ಗೆದ್ದು ತರುತ್ತಿದ್ದ ದುಡ್ಡು ಇವನ ಅಂಗಡಿಯ ಒಂದು ಕೊಳದಪ್ಪಲೆಯ ಬೆಲೆಯೂ ಆಗುತ್ತಿರಲಿಲ್ಲ. ದುಡ್ಡಿನ ಉರಿಯಲ್ಲ ಅದು. ಆ ಜಗಲಿಯ ಮೇಲೆ, ಬೆಂಚಿನ ತುದಿಯಲ್ಲಿ, ಇವನ ಸ್ವಂತ ಅಪ್ಪ ಕೂತಿರುತ್ತಿದ್ದ. ಕೂತು ನಗುತ್ತಿದ್ದ. ಬೊಚ್ಚುಬಾಯಿ ಬಿಟ್ಟು, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

ಅದೇ ಅಪ್ಪ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. 'ಊಟ ಆಯ್ತಾ ಅಪ್ಪಾ?' ಅಂದರೆ 'ಆಯ್ತಪ್ಪ.' 'ಔಷಧಿ ತಗೊಂಡ್ರಾ?' ಅಂದರೆ 'ತಗೊಂಡೆ.' ಅಲ್ಲಿಗೆ ಮುಗಿಯಿತು. ಹೀಗಾಗಿ ಹನ್ನೆರಡು ವರ್ಷವಾಗಿತ್ತು. ಹೊಸ ಮನೆಯ ಗೃಹಪ್ರವೇಶದ ದಿನ, ಬೀಗರು ಕೂತಿದ್ದಾಗ, ಅಪ್ಪ ತನ್ನ ಹಳೆಯ ಕಾಲದ ಮಾತೊಂದನ್ನು ಉತ್ಸಾಹದಿಂದ ತೆಗೆದಿದ್ದ. ಮಗ ಎಲ್ಲರ ಎದುರಿಗೇ, 'ಅಪ್ಪಾ, ಆ ಮಾತು ಇಲ್ಲಿ ಬೇಡ' ಅಂದುಬಿಟ್ಟ. ಅಷ್ಟೇ ಅಂದದ್ದು. ಯಾವ ಮಾತು ಅಂತ ಆಮೇಲೆ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಅವತ್ತಿನಿಂದ ಮುದುಕ ಬಾಯಿಗೆ ಬೀಗ ಹಾಕಿಕೊಂಡ. ಮಗನಿಗೆ ತಾನು ಅಂದದ್ದು ಮರೆತೇ ಹೋಗಿತ್ತು. ಅಂದವನು ಮರೆಯುತ್ತಾನೆ ನೋಡಿ, ಅನ್ನಿಸಿಕೊಂಡವನು ಮರೆಯುವುದಿಲ್ಲ.

ಈಗ ಆ ನಗುವನ್ನು ನೋಡಿದರೆ ಸಾಹುಕಾರನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. 'ನನ್ನ ಅಪ್ಪ. ನಾನು ಅನ್ನ ಹಾಕೋದು, ನಾನು ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದು. ನಗು ಮಾತ್ರ ಅವನಿಗಾ?' ಒಂದೆರಡು ಸಲ ತಾನೂ ರಸ್ತೆ ದಾಟಿ ಹೋದ. ಇವನು ಜಗಲಿ ಹತ್ತಿದ ಕೂಡಲೇ ಅಲ್ಲಿ ಮಾತು ನಿಂತುಹೋಗುತ್ತಿತ್ತು. ಅಪ್ಪ ಎದ್ದು ಪಂಚೆ ಕೊಡವಿಕೊಂಡು, 'ಬರ್ತೀನಪ್ಪಾ' ಅಂತ ಹೊರಟುಬಿಡುತ್ತಿದ್ದ. ಯಾಕೆ ಹೀಗೆ ಅಂತ ಒಂದು ಸಲವಾದರೂ ಕೇಳಬಾರದಿತ್ತೇ? ಕೇಳಲಿಲ್ಲ. ಹೊಟ್ಟೆಕಿಚ್ಚಿಗೆ ಕಣ್ಣು ದೊಡ್ಡದು, ಕಿವಿ ಇಲ್ಲ.

ಕೊನೆಗೆ ಒಂದು ಲೆಕ್ಕ ಹಾಕಿದ. ಅಪ್ಪನಿಗೆ ಕುದುರೆ ಕಥೆ ಇಷ್ಟ. ನಾನೇ ರೇಸ್ ಕಲಿಯುತ್ತೇನೆ. ಆ ಟೈಲರಿಗಿಂತ ದೊಡ್ಡದಾಗಿ ಗೆಲ್ಲುತ್ತೇನೆ. ಬಂದು ನಮ್ಮ ಮನೆಯ ಹಜಾರದಲ್ಲೇ ಕೂತು ಕಥೆ ಹೇಳುತ್ತೇನೆ. ಆಗ ಅಪ್ಪ ಯಾರ ಜಗಲಿಗೆ ಹೋಗುತ್ತಾನೆ ನೋಡೋಣ.

ಒಂದು ಸೋಮವಾರ ಟೈಲರ್ ಅಂಗಡಿಗೆ ಹೋಗಿ, ಷರಟಿಗೆ ಅಳತೆ ಕೊಡುವ ನೆಪದಲ್ಲಿ ಕೇಳಿಯೇಬಿಟ್ಟ.

'ಏನಯ್ಯಾ, ಆ ರೇಸು ಅಂದ್ರೆ ಹೆಂಗೆ? ನಂಗೂ ಸ್ವಲ್ಪ ಹೇಳಿಕೊಡು.'

ಟೈಲರ್ ಒಳ್ಳೆಯವನು. ಸಂತೋಷದಿಂದ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಂಟು ಗುಂಡಿ ಸಾಲಾಗಿ ಇಟ್ಟ. 'ಇವು ಕುದುರೆ ಅಂದ್ಕೊಳ್ಳಿ ಸಾಹುಕಾರ್ರೇ. ವಿನ್ ಅಂತ ಕಟ್ಟಿದ್ರೆ ನಿಮ್ಮ ಕುದುರೆ ಮೊದಲೇ ಬರಬೇಕು. ಪ್ಲೇಸ್ ಅಂತ ಕಟ್ಟಿದ್ರೆ ಮೊದಲ ಮೂರರಲ್ಲಿ ಯಾವುದಾದ್ರೂ ಸರಿ, ಆದ್ರೆ ದುಡ್ಡು ಕಮ್ಮಿ. ಎಲ್ರೂ ಮುಗಿಬಿದ್ದು ಕಟ್ಟೋ ಕುದುರೇನ ಫೇವರಿಟ್ ಅಂತಾರೆ. ಅದು ಗೆದ್ರೂ ಕೈಗೆ ಬರೋದು ಅಷ್ಟಕ್ಕಷ್ಟೆ. ಚೆನ್ನಾಗಿ ಓಡೋ ಕುದುರೆ ಮೇಲೆ ಜಾಸ್ತಿ ಭಾರ ಹೊರಿಸಿ ಓಡಿಸ್ತಾರೆ, ಅದನ್ನೂ ರೇಸ್ ಪುಸ್ತಕದಲ್ಲಿ ನೋಡ್ಕೋಬೇಕು.'

ಚೆನ್ನಾಗಿ ಓಡುವವನ ಬೆನ್ನ ಮೇಲೆ ಭಾರ ಹೊರಿಸುವುದು! ಕೇಳಿದಿರಾ? ಅವರು ತೂಕ ಹಾಕಿ ಹೊರಿಸುತ್ತಾರೆ. ನಾವು ನಮ್ಮ ಬೀದಿಯಲ್ಲಿ ತೂಕ ಹಾಕದೆಯೇ ಹೊರಿಸುತ್ತೇವೆ. ಇರಲಿ.

'ಇಷ್ಟೇನಾ?' ಅಂದ ಸಾಹುಕಾರ.

'ಇದು ಪುಸ್ತಕದ ಮಾತು. ಇನ್ನೊಂದಿದೆ, ಕಣ್ಣಿನ ಮಾತು. ಓಡೋಕೆ ಮುಂಚೆ ಕುದುರೆಗಳನ್ನ ಒಂದು ಸುತ್ತು ನಡೆಸ್ತಾರೆ. ಅಲ್ಲಿ ಹೋಗಿ ನಿಂತ್ಕೋಬೇಕು. ಓಡೋ ಮೊದಲೇ ಕತ್ತಲ್ಲಿ ನೊರೆ ಬಂದು ಬೆವೆತಿದ್ರೆ ಅದರ ಶಕ್ತಿ ಅಲ್ಲೇ ಖರ್ಚಾಯ್ತು ಅಂತ, ಬಿಟ್ಬಿಡಿ. ನಡಿಗೆ ನೋಡಿ. ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಬೀಳಬೇಕು. ಇದು ನಮ್ಮ ಗುರುಗಳು ಹೇಳಿಕೊಟ್ಟಿದ್ದು.'

ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಬೇಕು. ಸಾಹುಕಾರನಿಗೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಎಲ್ಲಿ ಅಂತ ನೆನಪು ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಉರಿ ಹತ್ತಿಕೊಂಡಿತು. ಈ ಟೈಲರಿಗೆ ಗುರು ಬೇರೆ ಇದ್ದಾನೆ! ನನಗಿಲ್ಲ. ಗುರು ಯಾರು ಅಂತ ಕೇಳಲು ಬಿಗುಮಾನ ಬಿಡಲಿಲ್ಲ.

ಒಂದು ತಿಂಗಳು ಕಲಿತ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ರೇಸ್ ಪುಸ್ತಕ ಓದುತ್ತಿದ್ದ. ಬುದ್ಧಿವಂತ, ಬೇಗ ಹಿಡಿದ. ಆಮೇಲೆ ಒಂದು ಭಾನುವಾರ ಟೈಲರನ ಜೊತೆಗೇ ಹೊರಟ. ಬಸ್ಸಿನಲ್ಲಿ ಮನಸ್ಸಿನೊಳಗೇ ಕಥೆ ಅಭ್ಯಾಸ ಮಾಡಿಕೊಂಡ. 'ಅಪ್ಪಾ, ಇವತ್ತು ಏನಾಯ್ತು ಗೊತ್ತಾ' ಅಂತ ಶುರು ಮಾಡಬೇಕು. ಅಪ್ಪ ತೊಡೆ ತಟ್ಟುವುದು ಎಲ್ಲಿ ಅನ್ನುವುದನ್ನೂ ಗೊತ್ತು ಮಾಡಿಟ್ಟುಕೊಂಡ.

ಆ ಮಧ್ಯಾಹ್ನ ಕುದುರೆಗಳನ್ನು ನಡೆಸುವ ಕಟಕಟೆಯ ಹತ್ತಿರ ಸಾಹುಕಾರ ಒಬ್ಬನೇ ನಿಂತ. ಎಂಟು ಕುದುರೆ ಸುತ್ತು ಬಂದವು. ನಾಲ್ಕನೇ ನಂಬರಿನದು ಒಂದು ಕಂದು ಹೆಣ್ಣು ಕುದುರೆ. ಮೈಮೇಲೆ ಬೆವರಿರಲಿಲ್ಲ, ಕಿವಿ ಮುಂದಕ್ಕೆ ನಿಂತಿತ್ತು, ನಡೆದರೆ ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ನಾಲ್ಕು ಬೆರಳು ಆಚೆ ಬೀಳುತ್ತಿತ್ತು. ಸಾಹುಕಾರ ಕಟಕಟೆ ಹಿಡಿದು ಮುಂದಕ್ಕೆ ಬಗ್ಗಿದ. ಇದೇ! ಯಾರೂ ಹೇಳಿಕೊಡಲಿಲ್ಲ, ನನ್ನ ಕಣ್ಣಿಗೇ ಕಂಡಿತು! ಆ ಕ್ಷಣದಲ್ಲಿ ಅವನಿಗೆ ನಿಜವಾದ ಸಂತೋಷವಾಯಿತು. ಎಷ್ಟೋ ವರ್ಷದ ಮೇಲೆ ಆದ ಸಂತೋಷ.

ಟಿಕೆಟ್ ಕಿಟಕಿಗೆ ಓಡಿದ. ಸಾಲಿನಲ್ಲಿ ಮುಂದೆ ಟೈಲರ್ ನಿಂತಿದ್ದ. ತಿರುಗಿ ನಕ್ಕು ಹೇಳಿದ: 'ನಾಲ್ಕು ತಗೊಂಡೆ ಸಾಹುಕಾರ್ರೇ. ನೀವೂ ಅದೇನಾ?'

ಈಗ ನೀವು ಹೇಳಿ, ಏನು ಮಾಡಬೇಕಿತ್ತು? ನಾಲ್ಕೇ ತೆಗೆದುಕೊಳ್ಳಬೇಕಿತ್ತು. ಇಬ್ಬರೂ ಗೆದ್ದು ಒಟ್ಟಿಗೆ ಬಸ್ಸಿನಲ್ಲಿ ನಗುತ್ತಾ ಬರಬಹುದಿತ್ತು. ಆದರೆ ಸಾಹುಕಾರನಿಗೆ ಅನ್ನಿಸಿದ್ದೇನು? ಇದು ಗೆದ್ದರೆ ಇವನೂ ಗೆಲ್ಲುತ್ತಾನೆ. ಇವನು ಗೆದ್ದರೆ ಕಥೆ ಇವನದಾಗುತ್ತದೆ. ಕಥೆ ಇವನದಾದರೆ ಅಪ್ಪ ಮತ್ತೆ ಆ ಜಗಲಿಗೇ ಹೋಗುತ್ತಾನೆ. ಕಿಟಕಿಗೆ ಬಾಯಿಟ್ಟು, 'ಎರಡು' ಅಂದ. ಎರಡನೇ ನಂಬರಿನ ಕುದುರೆಯ ಕತ್ತಿನಲ್ಲಿ ನೊರೆ ಬಂದಿತ್ತು. ಅದನ್ನು ತಾನೇ ಕಣ್ಣಾರೆ ನೋಡಿದ್ದ. ನೋಡಿಯೂ 'ಎರಡು' ಅಂದ. ಮೂಗು ಕೊಯ್ದುಕೊಂಡು ಅಪಶಕುನ ಮಾಡುವುದು ಅಂತಾರಲ್ಲ, ಅದು ಇದೇ.

ನಾಲ್ಕು ಗೆದ್ದಿತು. ಎರಡನೇ ನಂಬರಿನದು ಎಲ್ಲಕ್ಕಿಂತ ಹಿಂದೆ ಬಂತು.

ದುಡ್ಡು ಹೋಯಿತು, ಹೋಗಲಿ. ಸಾಹುಕಾರನಿಗೆ ಸಂಕಟವಾದದ್ದು ಅದಕ್ಕಲ್ಲ. ಬರಿಗೈಯಲ್ಲಿ ಹೋಗಿ ಅಪ್ಪನಿಗೆ ಏನು ಹೇಳುವುದು? ಟೈಲರನ ತೋಳು ಹಿಡಿದು ಕೇಳಿದ: 'ಯಾರಯ್ಯಾ ಆ ನಿನ್ನ ಗುರು? ಎಷ್ಟು ಕೇಳಿದ್ರೂ ಕೊಡ್ತೀನಿ, ನಮ್ಮನೆಗೆ ಕರ್ಕೊಂಡು ಬಾ.'

ಟೈಲರ್ ತಲೆ ತಗ್ಗಿಸಿದ. 'ಹೇಳಬೇಡ ಅಂತ ಮಾತು ತಗೊಂಡಿದ್ರು. ಇನ್ನು ಮುಚ್ಚಿಡೋಕಾಗಲ್ಲ. ಅವರನ್ನ ಕರ್ಕೊಂಡು ಬರೋದೇನು ಸಾಹುಕಾರ್ರೇ, ನಿಮ್ಮನೇಲೇ ಇದಾರೆ. ನಿಮ್ಮ ತಂದೆಯೋರು.'

ನೋಡಿ, ಆಗ ನೆನಪಾಯಿತು. ಅಪ್ಪ ಹರೆಯದಲ್ಲಿ ಕುದುರೆ ಲಾಯದಲ್ಲಿ ಆಳಾಗಿದ್ದ. ಹುಲ್ಲು ಹಾಕಿ, ಲದ್ದಿ ಬಾಚಿ, ಕುದುರೆಗೆ ಮಾಲೀಸು ಮಾಡಿ, ಆ ಕೂಲಿಯಲ್ಲೇ ಮೊದಲ ನಾಲ್ಕು ಪಾತ್ರೆ ಕೊಂಡು ತಲೆಯ ಮೇಲೆ ಹೊತ್ತು ಮಾರಿದವನು. ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಲಾಯದ ಗೋಡೆಯ ಹತ್ತಿರ ನಿಂತು, 'ನೋಡು ಮಗಾ, ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಬೇಕು' ಅಂತ ತೋರಿಸಿದವನು. ಬೀಗರ ಮುಂದೆ ಮುದುಕ ತೆಗೆದ ಮಾತು ಅದೇ, ಲಾಯದ ಮಾತು. ಮಗನಿಗೆ ನಾಚಿಕೆಯಾಗಿ 'ಬೇಡ' ಅಂದಿದ್ದ. ಮನೆಯಲ್ಲಿ ಬೇಡವಾದ ಮಾತು ರಸ್ತೆ ದಾಟಿ ಟೈಲರನ ಜಗಲಿಯಲ್ಲಿ ಕೂತಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತ ತಾನೇ ಕಿತ್ತೆಸೆದ. ಅದನ್ನು ಎದುರುಮನೆಯವನು ನೆಟ್ಟುಕೊಂಡರೆ ಹೊಟ್ಟೆ ಉರಿದುಕೊಂಡ.

ಅವತ್ತು ಸಂಜೆ ಜಗಲಿಯಲ್ಲಿ ಜನ ಸೇರಿದ್ದರು. ಸಾಹುಕಾರ ಮನೆಗೆ ಹೋಗಲಿಲ್ಲ, ನೇರ ಜಗಲಿ ಹತ್ತಿದ. ಎಂದಿನ ಹಾಗೆ ಮಾತು ನಿಂತಿತು. ಅಪ್ಪ ಎಂದಿನ ಹಾಗೆ ಏಳಲು ಹೋದ.

'ಕೂತ್ಕೊಳಪ್ಪಾ,' ಅಂತ ಹೇಳಿ ಮಗ ಅವನ ಕಾಲ ಹತ್ತಿರ, ನೆಲದ ಮೇಲೆ ಕೂತ. 'ನಾಲ್ಕನೇ ನಂಬರಿನ ಕುದುರೆ ನಾನೂ ನೋಡಿದ್ದೆ. ಹಿಂಗಾಲು ನಾಲ್ಕು ಬೆರಳು ದಾಟ್ತಿತ್ತು. ನೀನು ಹೇಳಿಕೊಟ್ಟ ಹಂಗೇ.'

ಮುದುಕ ಮಗನ ಮುಖ ನೋಡಿದ. 'ಕಟ್ಟಿದ್ಯಾ?'

'ಇಲ್ಲ. ಎರಡನೇ ನಂಬರಿಗೆ ಕಟ್ಟಿದೆ. ಅದು ಬೆವೆತಿದ್ದು ನೋಡಿದ್ರೂ ಕಟ್ಟಿದೆ.'

'ಅಯ್ಯೋ, ಅದ್ಯಾಕೋ?'

'ನಾಲ್ಕನ್ನ ಇವನು ತಗೊಂಡಿದ್ನಲ್ಲಪ್ಪ, ಹೊಟ್ಟೆಕಿಚ್ಚಿಗೆ.'

ಮುದುಕ ಬೊಚ್ಚುಬಾಯಿ ಬಿಟ್ಟು, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮಗನ ತಲೆಗೆ ಮೊಟಕಿ, 'ಲೋ ಕತ್ತೆ, ಬೆವೆತ ಕುದುರೆಗೆ ಯಾರಾದ್ರೂ ಕಟ್ತಾರೇನೋ!' ಅಂದ. ಹನ್ನೆರಡು ವರ್ಷದ ಮೇಲೆ ಅಪ್ಪ ಮಗನಿಗೆ ಹೇಳಿದ ಮೊದಲ ಉದ್ದದ ಮಾತು ಅದು.

ಕಥೆ ಸಾಹುಕಾರನದು ಮುಗಿಯಿತು. ನಿಮ್ಮದು?

ನೀವು ರೇಸಿಗೆ ಹೋಗುವುದಿಲ್ಲ, ಸರಿ. ಆದರೆ ಇದೇ ಸಭೆಯಲ್ಲಿ ಮುಂದಿನ ಜಮಖಾನದ ಮೇಲೆ ಯಾರು ಕೂತರು ಅಂತ ಎಷ್ಟು ಜನ ನೋಡಿದಿರಿ? ದಾಸೋಹದ ಬೋರ್ಡಿನಲ್ಲಿ ಯಾರ ಹೆಸರು ಮೇಲಿದೆ ಅಂತ ಓದಿದಿರಿ ತಾನೆ? ನಾನೇನು ಕಮ್ಮಿಯಿಲ್ಲ. ಪಕ್ಕದ ಬೀದಿಯ ಪ್ರವಚನಕ್ಕೆ ಇಲ್ಲಿಗಿಂತ ಜನ ಜಾಸ್ತಿ ಅಂತ ಮೊನ್ನೆ ಯಾರೋ ಹೇಳಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಹೊಟ್ಟೆಕಿಚ್ಚು ನಾಳೆಯಿಂದಲೇ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ, ಅದು ಹೇಳಿದರೆ ಹೋಗುವಂಥದ್ದಲ್ಲ. ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಅವರ ಮನೆಯಲ್ಲಿ ಏನನ್ನು ನೋಡಿ ನನಗೆ ಉರಿಯುತ್ತಿದೆ? ಅದನ್ನೇ ನನ್ನ ಮನೆಯಲ್ಲಿ ನಾನು ಮೂಲೆಗೆ ಕೂರಿಸಿದ್ದೇನೆಯೇ? ನೆರೆಮನೆಯ ಸೊಸೆಯ ಕೈರುಚಿ ಹೊಗಳುತ್ತೀಯಲ್ಲ, ನಿನ್ನಾಕೆ ಹೊಸದೊಂದು ಮಾಡಿ ಬಡಿಸಿದ ದಿನ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳಿದವನು ಯಾರು? ಅವರ ಮಗಳು ಎಷ್ಟು ಚೆನ್ನಾಗಿ ಹಾಡುತ್ತಾಳೆ ಅಂತ ಉರಿದುಕೊಳ್ಳುತ್ತೀಯಲ್ಲ ತಾಯಿ, ನಿನ್ನ ಮಗಳು ಬಾಯಿ ತೆಗೆದಾಗ 'ಸಾಕು, ಗಲಾಟೆ ಮಾಡಬೇಡ' ಅಂದವಳು ಯಾರು?

ಮೊದಲೇ ಬಾಜಿ ಕಟ್ಟಿದ್ದೇನೆ, ಒಬ್ಬರಾದರೂ ಎದ್ದು ಬಂದು ನನ್ನನ್ನು ಸೋಲಿಸಿ, ಸಂತೋಷ. ಬರಲು ನಾಚಿಕೆಯಾದರೆ ಬೇಡ. ಪ್ರಸಾದ ತಗೊಂಡು ನೇರ ಮನೆಗೆ ಹೋಗಿ. ಟಿವಿ ಆರಿಸಿ. ಯಾರ ಬಾಯಿ ಮುಚ್ಚಿಸಿದ್ದೀರೋ ಅವರ ಕಾಲ ಹತ್ತಿರ ಕೂತುಕೊಂಡು, 'ಅವತ್ತು ಬೇಡ ಅಂದೆನಲ್ಲ, ಆ ಮಾತು ಈಗ ಹೇಳು' ಅನ್ನಿ. ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.