ನೂರ ನಲವತ್ತು ಬಾಗಿಲುಗಳ ಲೋಡು

ದೀಪ ಸ್ವಲ್ಪ ಸಣ್ಣದು ಮಾಡಿ. ಆ ಬಾಗಿಲು ಮುಂದಕ್ಕೆ ತಳ್ಳಿ... ಚಿಲಕ ಬೇಡ. ಚಿಲಕದ ಮಾತು ಆಮೇಲೆ ಬರುತ್ತೆ.

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಲಾರಿ ಡ್ರೈವರ್ ಅವನು. ಲಾರಿಗಳ ಯಾರ್ಡಿನಲ್ಲಿ ಎಲ್ಲರೂ ಅವನನ್ನ ಗಡಿಯಾರ ಅಂತಲೇ ಕರೀತಿದ್ರು. ಆರಕ್ಕೆ ಬರ್ತೀನಿ ಅಂದ್ರೆ ಆರಕ್ಕೇ ಬಂದ. ಆರೂ ಐದು ಅನ್ನೋ ಹೊತ್ತು ದಿನದಲ್ಲಿ ಇದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ.

ಅವತ್ತು ಭಾನುವಾರ. ರಾತ್ರಿ ಹನ್ನೊಂದೂವರೆ. ಯಾರ್ಡಿನಿಂದ ಮನೆಗೆ ನಡ್ಕೊಂಡು ಬರ್ತಿದ್ದ. ಗೋದಾಮುಗಳ ಸಾಲು ದಾಟಿದ್ರೆ ಒಂದು ಗಲ್ಲಿ, ಗಲ್ಲಿ ತಿರುವಿನಲ್ಲಿ ಒಂದು ಹಳೇ ಬಾವಿ. ಬಾವಿಯಿಂದ ಮೂರನೇ ಮನೆ ಅವನ ಅಕ್ಕನದು. ಅದನ್ನ ದಾಟಿ ಹತ್ತು ಹೆಜ್ಜೆ ಹೋದ್ರೆ ಅವನದು. ಬಾವಿ ಹತ್ತಿರ ಬಂದ ಕೂಡಲೇ ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡ್ಕೊಂಡ.

ಎರಡು ವರ್ಷದಿಂದ ಹೀಗೇ. ಅಕ್ಕನ ಬಾಗಿಲ ಮುಂದೆ ತನ್ನ ಹೆಜ್ಜೆ ಸದ್ದು ಆಗಬಾರದು, ಅವಳು ಎದ್ದು ಬಂದು ಮಾತಾಡಿಸಬಾರದು. ಅಷ್ಟೇ. ಆರಡಿ ಆಳು, ಹದಿನಾರು ಚಕ್ರದ ಲಾರಿ ಓಡಿಸೋನು, ತನ್ನ ಗಲ್ಲಿಯಲ್ಲೇ ಬೆಕ್ಕಿನ ಹಾಗೆ ಕಾಲಿಡ್ತಿದ್ದ.

ಆದ್ರೆ ಅವತ್ತು ಅಕ್ಕ ಮನೇಲಿರಲಿಲ್ಲ. ಬಾವಿ ಕಟ್ಟೆ ಮೇಲೆ ಕೂತಿದ್ಲು... ಕತ್ತಲಲ್ಲಿ, ಒಬ್ಬಳೇ. ಬಾವಿಗೆ ಮುಚ್ಚಿದ್ದ ತಗಡು ಒಂದು ಮೊಳ ಪಕ್ಕಕ್ಕೆ ಸರಿದಿತ್ತು.

"ಇಷ್ಟೊತ್ತಲ್ಲಿ ಏನಕ್ಕಾ?" ಅಂದ, ಪಿಸುದನಿಯಲ್ಲಿ.

"ಸೆಕೆ."

ಅವನು ಸ್ವೆಟರ್ ಹಾಕಿದ್ದ. ಬಾಯಿಂದ ಹೊಗೆ ಬರೋ ಅಷ್ಟು ಚಳಿ.

"ನಾಳೆ ಲೋಡಾ?" ಅಂದ್ಲು. ಹೂಂ ಅಂದ. ಏನು ಅಂದ್ಲು. ಬಾಗಿಲುಗಳು ಅಂದ.

"ಎಷ್ಟು?"

ಎರಡು ವರ್ಷದ ಹಿಂದೆಯೂ ಅಕ್ಕ ಇದೇ ಮಾತು, ಇದೇ ದನಿಯಲ್ಲಿ ಕೇಳಿದ್ದಳು. ನೂರ ನಲವತ್ತು ಅಂತ ಹೇಳಿ, ತಗಡನ್ನ ಸರಕ್ ಅಂತ ಎಳೆದು ಬಾವಿ ಮುಚ್ಚಿ, ಹೋಗಿ ಮಲಕ್ಕೋ ಅಕ್ಕಾ ಅಂದು ಮನೆ ಸೇರಿಕೊಂಡ.

ಈಗ ಆ ಹಳೇ ಸಂಗತಿ ಹೇಳ್ಬೇಕು. ಹೇಳದಿದ್ರೆ ನಿಮಗೆ ಭಯ ಆಗಬೇಕಾದ ಕಡೆ ಆಗಲ್ಲ.

ಅಕ್ಕನ ಗಂಡ, ಅಂದ್ರೆ ಭಾವನೂ, ಇವನೂ ಒಂದೇ ಲಾರಿಯಲ್ಲಿ ಹನ್ನೊಂದು ವರ್ಷ ಜೋಡಿ ಡ್ರೈವರು. ಒಬ್ಬರು ಓಡಿಸಿದ್ರೆ ಒಬ್ಬರು ನಿದ್ದೆ. ಇವರಿಬ್ಬರು ಹೊತ್ತ ಲೋಡುಗಳ ಕತೆ ಬೇರೆಯೇ ಇದೆ. ಒಂದು ಸಲ ಒಂದು ಲಾರಿ ತುಂಬ ಬರೀ ಎಡಗಾಲಿನ ಶೂ. ಬಲಗಾಲಿಂದು ಹಿಂದಿನ ವಾರವೇ ಹೋಗಿತ್ತಂತೆ, ದಾರಿಯಲ್ಲಿ ಯಾರೂ ಕದಿಯಬಾರದು ಅಂತ. ಇನ್ನೊಂದು ಸಲ ಆಕಾಶ ನೋಡ್ತಾ ಮಲಗಿದ್ದ ಒಂದು ದೊಡ್ಡ ಪ್ರತಿಮೆ. ಭಾವ ಅದರ ಮುಖಕ್ಕೆ ಗೋಣಿ ಹೊದಿಸಿದ್ರು, ಬಿಸಿಲಿಗೆ ಪಾಪ ಅಂತ. ಅಂಥ ಮನುಷ್ಯ.

ಲಾರಿ ಹಿಂದಕ್ಕೆ ತಗೋವಾಗ ಒಬ್ಬರು ಇಳಿದು ಹಿಂದೆ ನಿಲ್ಲಬೇಕು. ಕೂಗಿದ್ರೆ ಇಂಜಿನ್ ಸದ್ದಿಗೆ ಕೇಳಲ್ಲ. ಅದಕ್ಕೆ ಲಾರಿ ಮೈ ಮೇಲೆ ಕೈಯಲ್ಲಿ ತಟ್ಟೋದು. ಎರಡು ಸಲ ತಟ್ಟಿದ್ರೆ ಬಾ, ಹೋಗು. ಒಂದು ಸಲ ತಟ್ಟಿದ್ರೆ ನಿಲ್ಲು. ಲಾರಿಯವರ ಮನೆ ಮಕ್ಕಳಿಗೂ ಗೊತ್ತು ಇದು.

ಎರಡು ವರ್ಷದ ಹಿಂದೆ ಅವತ್ತು ಗಡಿಯಾರ ಹನ್ನೆರಡು ನಿಮಿಷ ತಡ ಆಗಿದ್ದ. ಜೀವಮಾನದಲ್ಲಿ ಮೊದಲನೇ ಸಲ. ಗೋದಾಮಿನ ಬಾಗಿಲಿಗೆ ಲಾರಿ ಹಿಂದಕ್ಕೆ ತಗೋತಿದ್ದ, ಭಾವ ಹಿಂದೆ ಗೋಡೆ ಹತ್ತಿರ ನಿಂತಿದ್ರು. ಸರದಿಯಲ್ಲಿದ್ದ ಇನ್ನೊಂದು ಲಾರಿಯವನು ಹಾರನ್ ಹೊಡೀತಾನೇ ಇದ್ದ. ಆಗ ಕೇಳಿಸ್ತು. ದಬ್. ಒಂದು. ಇನ್ನೊಂದು ಹಾರನ್ನಿನಲ್ಲಿ ಮುಳುಗಿ ಹೋಗಿರಬೇಕು ಅಂತ ತನಗೆ ತಾನೇ ಹೇಳಿಕೊಂಡ. ಹಿಂದಕ್ಕೆ ಬಿಟ್ಟ.

ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲ್ಲ.

ಅವತ್ತು ಸಂಜೆ ಅಕ್ಕ ಅವನನ್ನ ಒಂದೇ ಪ್ರಶ್ನೆ ಕೇಳಿದಳು. ಎಷ್ಟು ತಟ್ಟಿದ್ರು? ಇವನು, ಎರಡು ಅಂದ. ಎಲ್ಲರಿಗೂ ಎರಡು ಅಂದ. ಪಾಪ, ಅವರದೇ ಕೈತಪ್ಪು ಅಂತ ಯಾರ್ಡಿನವರೂ ಅಂದುಕೊಂಡ್ರು. ಆದ್ರೆ ಒಂದು ತಿಂಗಳು ಕಳೆದ ಮೇಲೆ ಅಕ್ಕ ಹೇಳಿದ್ದು ಕೇಳಿ. ಅವತ್ತು ಬೆಳಿಗ್ಗೆ ಗಂಡ ಹೆಂಡತಿಗೆ ಜಗಳ ಆಗಿತ್ತಂತೆ, ಸೋರೋ ಒಂದು ನಲ್ಲಿ ವಿಷಯಕ್ಕೆ. ಹೋಗಿ, ಹಾಳಾಗಿ ಹೋಗಿ, ಮತ್ತೆ ಬರಬೇಡಿ ಅಂದಿದ್ಲಂತೆ ಇವಳು. "ಗೋಡೆಗೆ ಬೆನ್ನು ಕೊಟ್ಟು ನಿಂತು ಯಾರಾದ್ರೂ ಎರಡು ತಟ್ತಾರೇನೋ? ಬೇಕು ಅಂತಲೇ ತಟ್ಟಿದ್ದಾರೆ. ನನ್ನ ಮಾತಿಗೆ," ಅಂದ್ಲು.

ಅದನ್ನ ಕೇಳಿಯೂ ಇವನು ತುಟಿ ಪಿಟಕ್ ಅನ್ನಲಿಲ್ಲ. ಬಾಯಿ ಬಿಟ್ಟಿದ್ರೆ ಅವಳ ಗಂಡನ್ನ ಕೊಂದೋನು ತಾನೇ ಆಗ್ತಿದ್ದ. ಬಿಡದೆ ಇದ್ದದ್ದಕ್ಕೆ ಅಕ್ಕ ಆ ಪಾಪ ತಾನು ಹೊತ್ಕೊಂಡು ದಿನದಿನಕ್ಕೆ ಸವೀತಾ ಹೋದ್ಲು. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ, ತಮ್ಮನಾದ್ರೂ. ಸರಿ, ಮುಂದಕ್ಕೆ ಕೇಳಿ.

ಸೋಮವಾರ ಲೋಡು. ಒಡೆದು ಹಾಕಿದ್ದ ಒಂದು ಹಳೇ ಹಾಸ್ಟೆಲ್ಲಿನ ಬಾಗಿಲುಗಳು. ಚೌಕಟ್ಟು, ಕೀಲು, ಚಿಲಕ ಎಲ್ಲ ಸಮೇತ. ದೂರದ ಇನ್ನೊಂದು ಊರಿನ ಹಳೇ ಮರದ ವ್ಯಾಪಾರಿ ಕೊಂಡಿದ್ದ. ದೆವ್ವ ಆ ಬಾಗಿಲಿನದ್ದೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ಪರೀಕ್ಷೆಗೆ ಓದದೆ ಮಲಗ್ತಿದ್ದ ಹುಡುಗರ ಕೋಣೆ ಬಾಗಿಲು ಅವು. ಅವುಗಳಲ್ಲಿ ಸಿಗರೇಟು ಸುಟ್ಟ ಕಲೆ ಬಿಟ್ರೆ ಇನ್ನೇನೂ ಇರಲಿಲ್ಲ.

ಎರಡೆರಡರಂತೆ ಎಪ್ಪತ್ತು ಸಾಲು. ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ ಜೋಡಿಸಿದ್ರು. ನಡುವೆ ಒಂದು ಕಾಗದವೂ ತೂರದಷ್ಟು ಬಿಗಿ. ಓಡುವಾಗ ಚಿಲಕಗಳು ಗಲಗಲ ಅನ್ನಬಾರದು ಅಂತ ಒಂದೊಂದು ಚಿಲಕದ ಹಿಡಿಯನ್ನೂ ಅದರ ಕೊಂಡಿಗೆ ಸೇರಿಸಿ ತಂತಿ ಕಟ್ಟಬೇಕಿತ್ತು. ಒಂದೊಂದು ಬಾಗಿಲು ಏರಿಸೋ ಮೊದಲೇ ಆ ಕೆಲಸ ಗಡಿಯಾರ ತಾನೇ ಮಾಡಿದ, ಭಾವ ಹೇಳಿಕೊಟ್ಟಿದ್ದ ಹಾಗೆ. ಮೂರು ಸುತ್ತು ಹುರಿ ಹಾಕೋದು, ಆಮೇಲೆ ತಂತಿ ತುದಿಯನ್ನ ಒಳಕ್ಕೆ ಮಡಚಿ ಒತ್ತೋದು. ಬಿಚ್ಚೋನ ಕೈ ಗೀರಬಾರದು ಅಂತ. ಹಾಗೆ ಕಟ್ಟೋರು ಇಡೀ ಯಾರ್ಡಿನಲ್ಲಿ ಇಬ್ಬರೇ ಇದ್ದದ್ದು, ಈಗ ಒಬ್ಬ. ಕೊನೇ ಸಾಲಿನ ಎರಡು ಬಾಗಿಲು ರಸ್ತೆಗೆ ಮುಖ ಮಾಡಿ ನಿಂತಿದ್ವು. ಅವನ್ನೂ ಕಟ್ಟಿ, ಜಗ್ಗಿ ನೋಡಿ, ಸಂಜೆ ಆರಕ್ಕೆ ಸರಿಯಾಗಿ ಹೊರಟ.

ಭಾವ ಹೋದ ಮೇಲೆ ಅವನು ಜೋಡಿಗೆ ಯಾರನ್ನೂ ಕರೀತಿರಲಿಲ್ಲ. ಒಬ್ಬನೇ.

ನಡುರಾತ್ರಿ ದಾಟ್ತು. ಎರಡೂ ಕಡೆ ಬಯಲು, ಒಂದು ದೀಪ ಇಲ್ಲ. ಟಯರಿನ ಸುಂಯ್ ಅನ್ನೋ ಸದ್ದು, ಹಗ್ಗದ ಕಿರಕಿರ. ಅಷ್ಟರಲ್ಲಿ ಹಿಂದೆ, ಲೋಡಿನ ಕೊನೇಲಿ...

ಠಕ್.

ಮರದ ಮೇಲೆ ಬೆರಳ ಗೆಣ್ಣು ಬಡಿದ ಸದ್ದು. ಒಂದು. ಅವನ ಕಾಲು ಅವನನ್ನ ಕೇಳದೇ ಬ್ರೇಕಿನ ಮೇಲೆ ಹೋಯ್ತು. ಇಳಿದ. ಟಾರ್ಚ್ ಹಿಡಿದು ಸುತ್ತು ಹಾಕಿದ. ಮರದ ಕೋಲಿನಿಂದ ಟಯರುಗಳನ್ನ ಬಡಿದು ನೋಡಿದ, ಎಲ್ಲಾ ಗಟ್ಟಿ. ಹಗ್ಗ ಬಿಗಿ. ರಾತ್ರಿ ತಂಪಿಗೆ ಮರ ಸದ್ದು ಮಾಡೋದು ಹೊಸದೇನಲ್ಲ ಅಂತ ಮತ್ತೆ ಹತ್ತಿದ.

ಐದು ನಿಮಿಷ ಆಗಿರಲಿಲ್ಲ. ಹಿಂದೆ ಚಿಲಕ ಎಳೆದ ಸದ್ದು. ಸರ್ರಕ್. ಆಮೇಲೆ ಕೀಲು, ಕಿರ್ರ್... ಆಮೇಲೆ ಠಕ್. ಒಂದು.

ಈ ಸಲ ಕೊನೇ ಸಾಲಿನಿಂದ ಅಲ್ಲ. ಅದಕ್ಕಿಂತ ಈಚೆ.

ತೆರೆಯೋದಕ್ಕೆ ಜಾಗವೇ ಇಲ್ಲ ರೀ ಅಲ್ಲಿ! ತಂತಿ ಬೇರೆ ಕಟ್ಟಿದೆ. ಆದ್ರೂ ಒಂದೊಂದೇ ಬಾಗಿಲು ತೆಗೀತಾ ಯಾರೋ ಮುಂದೆ ಬರ್ತಿದ್ದ ಹಾಗೆ... ಸರ್ರಕ್. ಕಿರ್ರ್. ಠಕ್. ಒಂದು. ಸರ್ರಕ್. ಕಿರ್ರ್. ಠಕ್. ಒಂದು. ಒಂದೂ ಎರಡಾಗಲಿಲ್ಲ. ಅವನು ನಿಲ್ಲಿಸಲಿಲ್ಲ. ರೇಡಿಯೋ ಹಾಕಿದ, ಕರಕರ ಅಂತು ಅಷ್ಟೇ. ಗಾಡಿ ಜೋರು ಬಿಟ್ಟ. ಜೋರು ಬಿಟ್ಟಷ್ಟೂ ಬಾಗಿಲು ಬೇಗ ಬೇಗ ತೆರೀತಿದ್ವು.



ಆಮೇಲೆ ಸದ್ದು ನಿಂತಿತು... ಟಯರಿನ ಸದ್ದು ಕೂಡ ದೂರ ಹೋದ ಹಾಗೆ. ಕ್ಯಾಬಿನ್ನಿನ ಹಿಂದಿನ ತಗಡು, ಅವನ ಕುತ್ತಿಗೆಗೆ ಒಂದು ಗೇಣು ದೂರ. ಅಲ್ಲಿ...

ದಬ್.

ಅಂಗೈ ಸದ್ದು. ಅವತ್ತಿನದೇ. ಒಂದು.

ಲಾರಿ ನಿಲ್ಲಿಸಿದ. ಇಂಜಿನ್ ಆರಿಸಿದ. ಗಡಿಯಾರ ಅಲ್ವಾ, ಅಂಥ ಹೊತ್ತಿನಲ್ಲೂ ಕಣ್ಣು ಕೈಗಡಿಯಾರಕ್ಕೆ ಹೋಯ್ತು. ಎರಡು ಗಂಟೆ ಹತ್ತು ನಿಮಿಷ. ತಿರುಗಿ ನೋಡೋ ಧೈರ್ಯ ಬರಲಿಲ್ಲ. ಮುಂದಿನ ಗಾಜು ನೋಡ್ತಾನೇ, ಪಿಸುದನಿಯಲ್ಲಿ ಹೇಳಿದ.

"ಒಂದು, ಭಾವ. ನೀವು ತಟ್ಟಿದ್ದು ಒಂದೇ. ನನಗೆ ಕೇಳಿಸಿತ್ತು."

ಇಂಜಿನ್ ತಣ್ಣಗಾಗ್ತಾ ಟಿಕ್ ಟಿಕ್ ಅಂತಿತ್ತು. ಆಮೇಲೆ ಹಿಂದಿನ ತಗಡಿನ ಮೇಲೆ, ಮೆತ್ತಗೆ, ಬಿಡಿಬಿಡಿಯಾಗಿ...

ದಬ್. ದಬ್.

ಎರಡು. ಹೋಗು ಅಂತ.

ಸ್ಟೀರಿಂಗ್ ಮೇಲೆ ತಲೆ ಇಟ್ಟು ಮಗುವಿನ ಹಾಗೆ ಅತ್ತನಂತೆ. ಎಲ್ಲಿಗೆ ಹೋಗು ಅಂತ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಫೋನ್ ಕೈಗೆ ತಗೊಂಡ, ಇಟ್ಟ. ಅದು ಫೋನಿನಲ್ಲಿ ಹೇಳೋ ಮಾತಲ್ಲ.

ಮರುದಿನ ಮಧ್ಯಾಹ್ನ ಲೋಡು ಇಳಿಸಿದ್ರು. ವ್ಯಾಪಾರಿ ಬಾಗಿಲು ಎಣಿಸಿದ. ನೂರ ನಲವತ್ತೂ ಇದ್ವು, ಒಂದಕ್ಕೂ ಗೀರು ಬಿದ್ದಿರಲಿಲ್ಲ, ತಂತಿ ಕಟ್ಟಿದ ಹಾಗೇ ಇತ್ತು. ಕೊನೇ ಸಾಲಿನ ಎಡಗಡೆಯದೊಂದು ಬಿಟ್ಟು. ಅದರ ಚಿಲಕಕ್ಕೆ ತಂತಿ ಇರಲಿಲ್ಲ. ಇದಕ್ಕೆ ಕಟ್ಟೋದು ಮರ್ತ್ಯಾ ಅಂತ ವ್ಯಾಪಾರಿ ನಕ್ಕ. ಇವನು ಎಲ್ಲದಕ್ಕಿಂತ ಕೊನೆಗೆ ಕಟ್ಟಿ, ಜಗ್ಗಿ ನೋಡಿದ್ದು ಅದನ್ನೇ.

ಬುಧವಾರ ರಾತ್ರಿ ಊರಿಗೆ ಬಂದು, ಯಾರ್ಡಿನಲ್ಲಿ ಲಾರಿ ಬಿಟ್ಟು ಅದೇ ದಾರಿ ಹಿಡಿದ. ಗೋದಾಮಿನ ಸಾಲು, ಗಲ್ಲಿ, ಬಾವಿ. ಬಾವಿ ಹತ್ತಿರ ಕೈ ತಾನಾಗೇ ಚಪ್ಪಲಿ ಕಡೆ ಹೋಯ್ತು. ಬೇಡ ಅಂತ ಚಪ್ಪಲಿ ಸದ್ದು ಮಾಡ್ಕೊಂಡೇ ನಡೆದ, ಚಟ್ ಚಟ್ ಚಟ್. ಅಕ್ಕನ ಬಾಗಿಲ ಮುಂದೆ ನಿಂತು ಒಂದು ಸಲ ತಟ್ಟಿದ.

ಒಳಗೆ ಏನೋ ಬಿದ್ದ ಸದ್ದು. ಆಮೇಲೆ ಬಾಗಿಲು ಒಂದು ಬೆರಳಷ್ಟು ತೆರೀತು. ಅಕ್ಕನ ಮುಖ ಬಿಳಚಿಕೊಂಡಿತ್ತು. ಇವನು ಅಂತ ನೋಡಿ ಉಸಿರು ಬಿಟ್ಟಳು.

"ಅಕ್ಕಾ. ಭಾವ ಅವತ್ತು ತಟ್ಟಿದ್ದು ಒಂದು. ಎರಡಲ್ಲ. ನಾನೇ ನಿಲ್ಲಿಸಲಿಲ್ಲ."

ಒಳಗೆ ನಲ್ಲಿ ತೊಟ್ ತೊಟ್ ಅಂತಿತ್ತು.

"ಇನ್ನೊಂದು ಸಲ ಹೇಳು. ಎಷ್ಟು?"

"ಒಂದು."

"ಹಾಗಾದ್ರೆ ಅವರು ಬದುಕ್ಬೇಕು ಅಂತಲೇ ಇದ್ರು," ಅಂದ್ಲು. ಹೊಸ್ತಿಲ ಮೇಲೆ ಕುಸಿದು ಕೂತ್ಲು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಎದ್ದು, ತಮ್ಮನ ಕೆನ್ನೆಗೆ ಒಂದು ಬಾರಿಸಿದಳು, ಬೀದಿ ಕೊನೇವರೆಗೆ ಕೇಳೋ ಹಾಗೆ. ಎರಡು ವರ್ಷ ಕಣೋ, ಎರಡು ವರ್ಷ, ಅಂದ್ಲು. ಅವನು ತಲೆ ಎತ್ತಲಿಲ್ಲ. ಅವಳ ಏಟಿಗಿಂತ ಅವಳ ದನಿಯೇ ಅವನ ಜೀವ ಹಿಂಡಿತು.

ಆಮೇಲೆ ಅಕ್ಕ ಮೆಲ್ಲಗೆ ಮಾತು ತೆಗೆದಳು.

"ಮೊನ್ನೆ ರಾತ್ರಿ ನಾನು ಎದ್ದು ಬಾವಿ ಕಡೆ ಹೊರಟಿದ್ದೆ... ನೀರಿಗಲ್ಲ."

ಅವನಿಗೆ ಭಾನುವಾರ ಸರಿದಿದ್ದ ತಗಡು ಕಣ್ಣ ಮುಂದೆ ಬಂತು. ಅದನ್ನ ಎಳೆದು ಮುಚ್ಚಿ, ಮನೆಗೆ ಹೋಗಿ ಮಲಗಿದ್ದ ಅವನು.

ಆ ರಾತ್ರಿ ಅವಳು ಚಿಲಕಕ್ಕೆ ಕೈ ಹಾಕೋ ಹೊತ್ತಿಗೆ ಹೊರಗಿಂದ ಯಾರೋ ಬಾಗಿಲು ತಟ್ಟಿದ್ರಂತೆ. ಒಂದು ಸಲ. ಯಾರು ಅಂದ್ರೆ ಮಾತಿಲ್ಲ. ತೆರೆಯೋಣ ಅಂದ್ರೆ ಚಿಲಕ ಅಲ್ಲಾಡಲ್ಲ. ದೀಪ ಹಾಕಿ ನೋಡಿದಳು. ಒಳಗಡೆಯಿಂದ, ಚಿಲಕದ ಹಿಡಿಗೂ ಕೊಂಡಿಗೂ ಸೇರಿಸಿ ತಂತಿ ಕಟ್ಟಿತ್ತು. ಮಲಗೋವಾಗ ಇರಲಿಲ್ಲ. ಮನೇಲಿ ಅವಳೊಬ್ಬಳೇ. ಬೆರಳಲ್ಲಿ ಎಳೆದ್ರೆ ಬರಲಿಲ್ಲ, ಕೈಗೆ ಚುಚ್ಚಲೂ ಇಲ್ಲ. ಬಾಗಿಲಿಗೆ ಒರಗಿ ಹಾಗೇ ಕೂತು ಬೆಳಗು ಮಾಡಿದಳು. ಬೆಳಕಾದ ಮೇಲೆ ಗಂಡನ ಪೆಟ್ಟಿಗೆಯಿಂದ ಇಕ್ಕಳ ತಗೊಂಡು ಬಿಚ್ಚಿದಳು.

ಎಷ್ಟು ಗಂಟೆಗೆ ತಟ್ಟಿದ್ದು ಅಂತ ಇವನು ಕೇಳಿದ. ಎರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು ಅಂದ್ಲು.

ಆ ತಂತಿಯನ್ನ ತಂದು ಅವನ ಅಂಗೈಯಲ್ಲಿ ಇಟ್ಟಳು. ಮೂರು ಸುತ್ತು ಹುರಿ. ತುದಿ ಒಳಕ್ಕೆ ಮಡಚಿತ್ತು.

ನೀವು ನಂಬಿ, ಬಿಡಿ. ಅಕ್ಕ ಇದ್ದಾಳೆ, ತಮ್ಮನ ಜೊತೆ ಮಾತು ಕಮ್ಮಿ, ಆದ್ರೆ ಮೊದಲಿಗಿಂತ ಚೆನ್ನಾಗಿ ನಿದ್ದೆ ಮಾಡ್ತಾಳೆ. ಅವನು ಚಪ್ಪಲಿ ಹಾಕ್ಕೊಂಡೇ ಆ ಬಾಗಿಲು ದಾಟ್ತಾನೆ. ಆ ತಂತಿ ಈಗಲೂ ಅವಳ ಕಿಟಕಿ ಮೇಲಿದೆ. ಆ ವ್ಯಾಪಾರಿ ಹತ್ತಿರ ಕೆಲಸದ ಮೇಲೆ ಹೋದಾಗ ನಾನು ಉಳಿದ ಬಾಗಿಲುಗಳ ತಂತಿ ಬಿಚ್ಚಿ ಅಳೆದು ನೋಡಿದ್ದೀನಿ. ಒಂದು ಗೇಣು, ನಾಲ್ಕು ಬೆರಳು. ಅಕ್ಕನ ಕಿಟಕಿ ಮೇಲಿನದೂ ಅಷ್ಟೇ ಇದೆ.